ರೇಪಿನ್ ಬರೆದ ಮುಸೋರ್ಗ್‌ಸ್ಕಿ ಭಾವಚಿತ್ರದ ಪ್ರತಿ ಮಾಡುತ್ತ ತೈಲವರ್ಣ ಕಲಿಯುವುದು: ಯಾವುದು ಮೊದಲು, ಯಾವುದು ಆಮೇಲೆ? (ಚರ್ಚಾವೇದಿಕೆಯೊಂದರ ಮಾತುಕತೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಅಗಸೆಎಣ್ಣೆ

ಇದ್ದಿಲು ಮತ್ತು ಪೆನ್ಸಿಲಿನಲ್ಲಿ ಮುಖ ಬರೆಯುವುದು ನನಗೆ ಒಂದು ಮಟ್ಟಿಗೆ ಒಗ್ಗಿದೆ. ತೈಲವರ್ಣಕ್ಕೆ ಮಾತ್ರ ನಾನು ಹೊಸಬ. ಹತ್ತಿರದಲ್ಲಿ ಕಲಿಸುವವರು ಯಾರೂ ಇಲ್ಲದ ಕಾರಣ, ವಾಸ್ತವವಾದಿ ಶೈಲಿಯ ಒಂದೇ ಒಂದು ಭಾವಚಿತ್ರವನ್ನು ಆರಿಸಿಕೊಂಡು, ಅದನ್ನು ಪ್ರತಿ ಮಾಡುತ್ತಲೇ ಈ ಮಾಧ್ಯಮವನ್ನು ಕಲಿಯೋಣವೆಂದು ನಿರ್ಧರಿಸಿದೆ. ಇಲ್ಯಾ ರೇಪಿನ್ 1881ರಲ್ಲಿ ಬರೆದ, ಸಂಗೀತ ಸಂಯೋಜಕ ಮಾಡೆಸ್ಟ್ ಮುಸೋರ್ಗ್‌ಸ್ಕಿಯ ಚಿತ್ರ ನನ್ನ ಆಯ್ಕೆ. ಮೂಲ ಕೃತಿ ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿಯಲ್ಲಿದೆ, ಅಳತೆ ಸುಮಾರು 70 × 58 ಸೆಂಟಿಮೀಟರ್. ನಮ್ಮ ಅಂಗಡಿಗಳಲ್ಲಿ ಸಿದ್ಧವಾಗಿ ಸಿಗುವ 24 × 20 ಅಂಗುಲದ ಕ್ಯಾನ್ವಾಸಿನ ಉದ್ದಗಲದ ಪ್ರಮಾಣ ಇದಕ್ಕೆ ಬಹುಮಟ್ಟಿಗೆ ಹೊಂದುವುದರಿಂದ ಅದನ್ನೇ ತಂದು, ಚೌಕಗಳನ್ನು ಎಳೆದು ರೇಖೆಗಳನ್ನು ಇಳಿಸಿಕೊಂಡಿದ್ದೇನೆ.

ರೇಖೆಯ ಮಟ್ಟಿಗೆ ಹೋಲಿಕೆ ಸರಿಯಾಗಿಯೇ ಬಂದಿದೆ. ಬಣ್ಣ ಹಚ್ಚತೊಡಗಿದ ಮೇಲೆ ಅದು ಕೈತಪ್ಪುತ್ತಿದೆ. ಹಣೆ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗೆ, ಒಣಕಲಾಗಿ ಕಾಣುತ್ತದೆ. ಮೂಗಿನ ಕೆಂಪು ಉಳಿದ ಮುಖದಿಂದ ಬೇರೆಯಾಗಿ ನಿಲ್ಲುತ್ತದೆ. ಕೂದಲಿನ ಅಂಚುಗಳೆಲ್ಲ ಕತ್ತರಿಸಿದಷ್ಟು ಗಡುಸಾಗಿವೆ. ನನ್ನ ಬಳಿ ಇರುವ ಬಣ್ಣಗಳು ಟೈಟಾನಿಯಂ ವೈಟ್, ಯೆಲ್ಲೋ ಓಕರ್, ಕ್ಯಾಡ್ಮಿಯಂ ರೆಡ್, ಅಲಿಜರಿನ್ ಕ್ರಿಮ್ಸನ್, ಬರ್ಂಟ್ ಅಂಬರ್, ಅಲ್ಟ್ರಾಮರೀನ್, ವಿರಿಡಿಯನ್ ಮತ್ತು ಐವರಿ ಬ್ಲ್ಯಾಕ್. ಬಣ್ಣಗಳ ಆಯ್ಕೆಯಲ್ಲಿ ದೋಷವಿದೆಯೋ, ಕೆಲಸದ ಕ್ರಮದಲ್ಲಿ ದೋಷವಿದೆಯೋ, ಅಥವಾ ಹೊಸಬನಿಗೆ ಈ ಚಿತ್ರವೇ ತಕ್ಕುದಲ್ಲವೋ ಎಂಬುದನ್ನು ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಯ ಪ್ಯಾಲೆಟ್

ಚಿತ್ರದ ಆಯ್ಕೆ ಚೆನ್ನಾಗಿದೆ. ಆದರೆ ಅದು ಹೇಗೆ ಹುಟ್ಟಿತೆಂಬುದನ್ನು ತಿಳಿದುಕೊಂಡು ಪ್ರತಿ ಮಾಡುವುದಕ್ಕೂ, ತಿಳಿಯದೆ ಮಾಡುವುದಕ್ಕೂ ಬಹಳ ವ್ಯತ್ಯಾಸವಿದೆ. ಮುಸೋರ್ಗ್‌ಸ್ಕಿ ಆಗ ಸೇಂಟ್ ಪೀಟರ್ಸ್‌ಬರ್ಗ್‌ನ ನಿಕೊಲಾಯೆವ್‌ಸ್ಕಿ ಸೈನಿಕ ಆಸ್ಪತ್ರೆಯಲ್ಲಿದ್ದ. ರಷ್ಯಾದ ಹಳೆಯ ಪಂಚಾಂಗದ ಪ್ರಕಾರ ಮಾರ್ಚ್ 2ರಿಂದ 5ರವರೆಗೆ, ನಾಲ್ಕು ಬೈಠಕ್ಕುಗಳಲ್ಲಿ, ರೇಪಿನ್ ಈ ಚಿತ್ರವನ್ನು ಬರೆದ. ಅದೇ ತಿಂಗಳ 16ರಂದು ಸಂಯೋಜಕ ತೀರಿಕೊಂಡ. ರೇಪಿನ್‌ಗೆ ಅಲ್ಲಿ ಕ್ಯಾನ್ವಾಸ್ ನಿಲ್ಲಿಸುವ ಈಸೆಲ್ ಕೂಡ ಇರಲಿಲ್ಲ, ಸಣ್ಣ ಮೇಜೊಂದಕ್ಕೆ ಒರಗಿಸಿಕೊಂಡು ಹೇಗೋ ಬರೆದನೆಂದು ವಿಮರ್ಶಕ ವ್ಲಾದಿಮಿರ್ ಸ್ತಾಸೋವ್ ದಾಖಲಿಸಿದ್ದಾನೆ. ಅಂದರೆ ಇದು ತಿಂಗಳುಗಟ್ಟಲೆ ಪದರದ ಮೇಲೆ ಪದರ ಏರಿಸಿ ಮುಗಿಸಿದ ಕೃತಿಯಲ್ಲ. ನಾಲ್ಕೇ ಬೈಠಕ್ಕುಗಳಿರುವಾಗ ಕಲಾವಿದ ಯಾವುದನ್ನು ಮೊದಲು ನಿರ್ಧರಿಸಬೇಕಾಯಿತು, ಯಾವುದನ್ನು ಬಿಟ್ಟುಬಿಡಬಹುದಾಗಿತ್ತು ಎಂಬುದು ಕ್ಯಾನ್ವಾಸಿನ ಮೇಲೆಯೇ ಉಳಿದಿದೆ. ಮುಖಕ್ಕೆ ಸಿಕ್ಕ ಗಮನ ನಿಲುವಂಗಿಗೆ ಸಿಕ್ಕಿಲ್ಲ, ನಿಲುವಂಗಿಗೆ ಸಿಕ್ಕಷ್ಟು ಹಿನ್ನೆಲೆಗೆ ಸಿಕ್ಕಿಲ್ಲ. ನೀವು ಪ್ರತಿ ಮಾಡಬೇಕಾದದ್ದು ಈ ಕ್ರಮವನ್ನು. ಚೌಕ ಚೌಕವಾಗಿ ಮೇಲಿಂದ ಕೆಳಕ್ಕೆ ತುಂಬುತ್ತ ಬಂದರೆ ಎಲ್ಲ ಚೌಕಗಳಿಗೂ ಒಂದೇ ಮಟ್ಟದ ಗಮನ ಸಿಗುತ್ತದೆ, ಹಾಗೆ ಸಿಕ್ಕಾಗಲೇ ಮುಖ ಸತ್ತುಹೋಗುತ್ತದೆ.

ಈಗ ಹಣೆಯ ವಿಷಯ. ಈ ಚಿತ್ರದ ಹಿನ್ನೆಲೆ ತಿಳಿಬೂದು. ಹೊಸಬರು ಸಾಮಾನ್ಯವಾಗಿ ಆರಿಸುವ ಭಾವಚಿತ್ರಗಳಲ್ಲಿ ಹಿನ್ನೆಲೆ ಕಡುಗಪ್ಪಾಗಿದ್ದು, ಮುಖದ ಯಾವುದೇ ಭಾಗವೂ ಅದರ ಎದುರು ಬೆಳಕಾಗಿಯೇ ಕಾಣುವುದರಿಂದ ಲೆಕ್ಕ ತಪ್ಪಿದರೂ ಮುಚ್ಚಿಹೋಗುತ್ತದೆ. ಇಲ್ಲಿ ಹಾಗಲ್ಲ, ಮುಖದ ಬಹುಭಾಗ ಹಿನ್ನೆಲೆಗಿಂತ ಗಾಢವಾಗಿದೆ. ನೀವು ಬಿಳಿಯ ಕ್ಯಾನ್ವಾಸಿನ ಮೇಲೆ, ಹಿನ್ನೆಲೆಯನ್ನು ಆಮೇಲೆ ನೋಡಿಕೊಂಡರಾಯಿತೆಂದು ಬಿಟ್ಟು, ಮೊದಲು ಹಣೆಗೆ ಬಣ್ಣ ಕೊಟ್ಟಿರಬೇಕೆಂದು ನನ್ನ ಊಹೆ. ಸುತ್ತಲೂ ಬಿಳಿ ಇದ್ದಾಗ ಚರ್ಮದ ಯಾವ ಮಿಶ್ರಣವೂ ಕಪ್ಪಾಗಿಯೇ ತೋರುತ್ತದೆ, ಕೈ ತಾನಾಗಿಯೇ ಬಿಳಿಯ ಟ್ಯೂಬಿನ ಕಡೆಗೆ ಹೋಗುತ್ತದೆ. ಆದ್ದರಿಂದ ಅಂಬರ್ ಎಂಬ ಮಣ್ಣಿನ ಕಂದು ಬಣ್ಣವನ್ನು ಟರ್ಪಂಟೈನಿನಲ್ಲಿ ತೆಳುವಾಗಿ ಕರಗಿಸಿ, ಇಡೀ ಕ್ಯಾನ್ವಾಸಿಗೆ ಬಳಿದು ಬಟ್ಟೆಯಿಂದ ಒರೆಸಿ, ನಡುಮಟ್ಟದ ನೆಲೆಯೊಂದನ್ನು ಮಾಡಿಕೊಳ್ಳಿ. ಅದು ಒಣಗಿದ ಮೇಲೆ ಮೊದಲು ಹಿನ್ನೆಲೆಯ ಬೂದು, ಆಮೇಲೆ ಕೂದಲು ಮತ್ತು ಗಡ್ಡದ ಕಡುಛಾಯೆ, ಆಮೇಲೆ ನೆರಳಿನ ಬದಿಯ ಚರ್ಮ, ಕೊನೆಗೆ ಬೆಳಕಿನ ಬದಿ. ಕಣ್ಣನ್ನು ಅರೆಮುಚ್ಚಿ ನೋಡಿದರೆ ಈ ಚಿತ್ರ ನಾಲ್ಕೈದು ಛಾಯೆಗಳ, ಅಂದರೆ ಬೆಳಕು-ಕತ್ತಲಿನ ಮಟ್ಟಗಳ, ದೊಡ್ಡ ತುಂಡುಗಳಾಗಿ ಒಡೆಯುತ್ತದೆ. ಆ ತುಂಡುಗಳು ನಿಮ್ಮ ಕ್ಯಾನ್ವಾಸಿನಲ್ಲಿ ಸರಿಯಾಗಿ ಕೂರುವವರೆಗೆ ಸಣ್ಣ ಕುಂಚವನ್ನು ಮುಟ್ಟಬೇಡಿ.

ಬಿಳಿಯ ಬಗ್ಗೆ ಇನ್ನೊಂದು ಮಾತು. 1881ರಲ್ಲಿ ಟೈಟಾನಿಯಂ ವೈಟ್ ಇರಲೇ ಇಲ್ಲ. ಕಲಾವಿದರ ಟ್ಯೂಬುಗಳಿಗೆ ಅದು ಬಂದದ್ದು ಮೊದಲ ಮಹಾಯುದ್ಧದ ನಂತರ. ಆ ಕಾಲದವರು ಬಳಸುತ್ತಿದ್ದ ಸೀಸದ ಬಿಳಿ ಸ್ವಲ್ಪ ಬೆಚ್ಚಗಿನದು (ಹಳದಿಯ ಕಡೆಗಿನದು), ಅರೆಪಾರದರ್ಶಕವಾದದ್ದು, ಬೇರೆ ಬಣ್ಣದೊಡನೆ ಬೆರೆತಾಗ ಅದನ್ನು ನುಂಗದೆ ನಿಧಾನವಾಗಿ ತಿಳಿಮಾಡುವಂಥದ್ದು. ಟೈಟಾನಿಯಂ ಇದಕ್ಕೆ ತದ್ವಿರುದ್ಧ. ಅದರ ಮುಚ್ಚುವ ಶಕ್ತಿಯೂ ಬೆರಕೆಯನ್ನು ಬಿಳಿಯಾಗಿಸುವ ಶಕ್ತಿಯೂ ಬಹಳ ಹೆಚ್ಚು, ಜೊತೆಗೆ ಬಣ್ಣವನ್ನು ತಣ್ಣಗಾಗಿಸುತ್ತದೆ, ಅಂದರೆ ನೀಲಿಯ ಕಡೆಗೆ ಒಯ್ಯುತ್ತದೆ. ಸೀಸ ವಿಷ, ಹೊಸಬರಿಗೆ ಅದನ್ನು ನಾನು ಸೂಚಿಸುವುದಿಲ್ಲ. ಟೈಟಾನಿಯಮನ್ನೇ ಬಳಸಿ, ಆದರೆ ನೀವು ಅಂದುಕೊಂಡದ್ದರ ಅರ್ಧದಷ್ಟನ್ನು ಮಾತ್ರ ಬಳಸಿ. ಚರ್ಮವನ್ನು ತಿಳಿಮಾಡುವಾಗಲೆಲ್ಲ ಬಿಳಿಯ ಜೊತೆಗೆ ಚೂರು ಓಕರ್ ಸೇರಿಸಿ.

ಇದ್ದಿಲು ಮತ್ತು ಬೂದಿ

ಹಿರಿಯರ ಮಾತಿಗೆ ನನ್ನ ಭಿನ್ನಾಭಿಪ್ರಾಯವಿದೆ. ನಾಲ್ಕು ಬೈಠಕ್ಕುಗಳಲ್ಲಿ ಮುಗಿದ ಕೃತಿ ಎಂದರೆ ಹತ್ತಾರು ವರ್ಷಗಳ ಅಭ್ಯಾಸವಿರುವ ಕೈಯ ವೇಗ. ರೇಪಿನ್ ಬಾಲ್ಯದಲ್ಲಿಯೇ ಚರ್ಚಿನ ಪವಿತ್ರ ಚಿತ್ರಗಳನ್ನು ಬರೆಯುವವರ ಬಳಿ ಪಳಗಿ, ಹಿರಿಯ ಚಿತ್ರಕಾರ ಕ್ರಾಮ್‌ಸ್ಕೊಯ್‌ನ ಕೈಕೆಳಗೆ ಕಲಿತು, ಅಕಾಡೆಮಿ ಮುಗಿಸಿ, ಪ್ಯಾರಿಸ್ ನೋಡಿ ಬಂದವನು. ಆ ವೇಗದ ಗೆರೆಯನ್ನು ಹೊಸಬ ನಿಧಾನವಾಗಿ ತಿದ್ದಿ ತಿದ್ದಿ ಬರೆದರೆ ಅವನ ಕೈಗೆ ಬರುವುದು ಗೆರೆಯ ಆಕಾರ ಮಾತ್ರ, ಅದರ ಓಟವಲ್ಲ. ಕಲಿಯುವವರಿಗೆ ಪದರ ಪದರವಾಗಿ, ನಯವಾಗಿ ಕಟ್ಟಿದ ಚಿತ್ರವೇ ಒಳ್ಳೆಯದು. ರವಿವರ್ಮನ ಮೂಲ ತೈಲಚಿತ್ರಗಳು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿಯೇ ಇರುವಾಗ, ಕಣ್ಣಾರೆ ನೋಡಲಾಗದ ಮಾಸ್ಕೋದ ಚಿತ್ರವನ್ನು ಪರದೆಯ ಮೇಲೆ ನೋಡಿ ಪ್ರತಿ ಮಾಡುವುದರಲ್ಲಿ ಏನು ಸಾರ್ಥಕ್ಯವಿದೆ?

ಹಳೆಯ ಪ್ಯಾಲೆಟ್

ಮೂಲವನ್ನು ಕಣ್ಣಾರೆ ನೋಡಬೇಕೆಂಬ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಮೈಸೂರಿಗೆ ಹೋಗಬಲ್ಲವರು ಹೋಗಿ, ರವಿವರ್ಮನ ಒಂದೇ ಚಿತ್ರದ ಮುಂದೆ ನಿಂತು, ನೆರಳಿನಲ್ಲಿ ಬಣ್ಣ ಎಷ್ಟು ತೆಳು, ಬೆಳಕಿನಲ್ಲಿ ಎಷ್ಟು ದಪ್ಪ, ಕೆನ್ನೆ ಎಲ್ಲಿ ತಿರುಗಿ ಬೂದಾಗುತ್ತದೆ ಎಂಬುದನ್ನು ಪೆನ್ಸಿಲಿನಲ್ಲಿ ಟಿಪ್ಪಣಿ ಮಾಡಿಕೊಂಡು ಬಂದರೆ, ಮನೆಯಲ್ಲಿ ಮಾಡುವ ಪ್ರತಿಗೆ ಅದರಿಂದ ಬಹಳ ಪ್ರಯೋಜನವಾಗುತ್ತದೆ.

ಆದರೆ ಪದರಗಳ ಚಿತ್ರ ಹೊಸಬರಿಗೆ ಸುಲಭ ಎಂಬುದನ್ನು ನಾನು ಒಪ್ಪಲಾರೆ. ನಯವಾಗಿ ಮುಗಿಸಿದ ಚಿತ್ರದಲ್ಲಿ ಕೆಳಗಿನ ಪದರ ಯಾವ ಬಣ್ಣದ್ದು, ಅದರ ಮೇಲೆ ಎಷ್ಟು ಪಾರದರ್ಶಕ ಲೇಪಗಳು ಬಂದಿವೆ, ವಾರ್ನಿಷ್ ಎಷ್ಟು ಹಳದಿಯಾಗಿದೆ ಎಂಬುದೆಲ್ಲ ಮೇಲ್ಮೈಯಿಂದ ತಿಳಿಯುವುದಿಲ್ಲ. ಛಾಯಾಚಿತ್ರದಿಂದಂತೂ ತಿಳಿಯುವುದೇ ಇಲ್ಲ. ಪ್ರತಿ ಮಾಡುವವನು ಕಣ್ಣಿಗೆ ಕಂಡ ಅಂತಿಮ ಬಣ್ಣವನ್ನು ಪ್ಯಾಲೆಟ್ಟಿನಲ್ಲಿ ಕಲಸಿ ಒಂದೇ ಸಲಕ್ಕೆ ಹಚ್ಚುತ್ತಾನೆ, ಹಾಗಾಗಿ ಮೂಲದ ವಿಧಾನಕ್ಕೂ ಅವನ ವಿಧಾನಕ್ಕೂ ಸಂಬಂಧವೇ ಉಳಿಯುವುದಿಲ್ಲ. ಮುಸೋರ್ಗ್‌ಸ್ಕಿ ಚಿತ್ರದಲ್ಲಿ ಕುಂಚದ ಗುರುತುಗಳು ತೆರೆದೇ ಇವೆ. ಯಾವ ಗೆರೆ ಯಾವುದರ ಮೇಲೆ ಹಾದಿದೆ, ಗಡ್ಡದ ಬಣ್ಣ ಕೆನ್ನೆಯ ಹಸಿಬಣ್ಣದೊಳಗೆ ಎಲ್ಲಿ ಎಳೆಯಲ್ಪಟ್ಟಿದೆ ಎಂಬುದನ್ನು ಒಳ್ಳೆಯ ಬಿಂಬದಲ್ಲಿ ಓದಬಹುದು. ಕಲಿಕೆಗೆ ಓದಲು ಬರುವ ಕೃತಿ ಬೇಕು; ಅದನ್ನು ಬರೆದವನಿಗೆ ಅದು ಸುಲಭವಾಗಿತ್ತೋ ಕಷ್ಟವಾಗಿತ್ತೋ ಎಂಬುದು ಬೇರೆ ಪ್ರಶ್ನೆ.

ವೇಗದ ಬಗ್ಗೆ ನಿಮ್ಮ ಆಕ್ಷೇಪ ನ್ಯಾಯವಾದದ್ದು, ಅದಕ್ಕೆ ಉಪಾಯವೂ ಇದೆ. ಇಡೀ ಚಿತ್ರವನ್ನು ಬದಿಗಿಟ್ಟು, ಮೂಗು ಮತ್ತು ಅದರ ಎರಡೂ ಬದಿಯ ಕೆನ್ನೆಯನ್ನು ಮಾತ್ರ ಅಂಗೈಯಗಲದ ಹಲಗೆಗಳ ಮೇಲೆ, ಒಂದೊಂದನ್ನೂ ಒಂದೇ ಕೂಡುವಿಕೆಯಲ್ಲಿ ಮುಗಿಸುವ ಹಾಗೆ, ಮತ್ತೆ ಮತ್ತೆ ಬರೆಯಬೇಕು. ಮೊದಲ ಹಲಗೆಗಳಲ್ಲಿ ಕುಂಚ ಹೆದರುತ್ತದೆ, ಬರಬರುತ್ತ ಹೆದರಿಕೆ ಬಿಡುತ್ತದೆ. ಅಮೆರಿಕದ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ 1879ರಲ್ಲಿ ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿ ವೆಲಾಸ್ಕೆಸ್‌ನ ಚಿತ್ರಗಳನ್ನೂ, ಮರುವರ್ಷ ಹಾರ್ಲೆಮ್‌ನಲ್ಲಿ ಫ್ರಾನ್ಸ್ ಹಾಲ್ಸ್‌ನ ಚಿತ್ರಗಳನ್ನೂ ಪ್ರತಿ ಮಾಡಿದ. ಅಷ್ಟು ಹೊತ್ತಿಗೆ ಅವನು ಪ್ಯಾರಿಸ್ಸಿನ ಸಲೋನ್ ಎಂಬ ಕಲಾಪ್ರದರ್ಶನದಲ್ಲಿ ಗುರುತಿಸಿಕೊಂಡಿದ್ದ ಕಲಾವಿದ. ಅವನು ಆರಿಸಿಕೊಂಡ ಇಬ್ಬರೂ ಕುಂಚದ ಗುರುತನ್ನು ಮರೆಮಾಚದವರೆಂಬುದನ್ನು ಗಮನಿಸಿ.

ಕಡಲಬದಿಯ ಕುಂಚ

ಕರಾವಳಿಯಲ್ಲಿ ಬರೆಯುವವನಾಗಿ ಒಂದೆರಡು ವ್ಯಾವಹಾರಿಕ ಮಾತುಗಳನ್ನು ಸೇರಿಸುತ್ತೇನೆ. ತೈಲವರ್ಣ ನೀರಿನಂತೆ ಆವಿಯಾಗಿ ಒಣಗುವುದಿಲ್ಲ, ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುತ್ತದೆ. ಮಳೆಗಾಲದ ತಂಪು, ತೇವ, ಮುಚ್ಚಿದ ಕೋಣೆ ಮೂರೂ ಸೇರಿದಾಗ ಅದು ನಿಧಾನವಾಗುತ್ತದೆ. ಅಂಬರ್ ಬೇಗ ಒಣಗುವ ಬಣ್ಣ. ಐವರಿ ಬ್ಲ್ಯಾಕ್ ಮತ್ತು ಅಲಿಜರಿನ್ ಬಹಳ ತಡ ಮಾಡುತ್ತವೆ. ಆದ್ದರಿಂದ ಕೆಳಗಿನ ಪದರದ ಕಡುಛಾಯೆಗೆ ಐವರಿ ಬ್ಲ್ಯಾಕನ್ನು ದಪ್ಪವಾಗಿ ಬಳಿದು, ಅದರ ಮೇಲೆ ಬೇಗ ಒಣಗುವ ಬಣ್ಣ ಹಾಕಿದರೆ ಮುಂದೆ ಮೇಲಿನ ಪದರ ಬಿರಿಯುವ ಸಾಧ್ಯತೆಯಿದೆ. ಮೊದಲ ಪದರದಲ್ಲಿ ಎಣ್ಣೆ ಕಡಿಮೆ, ಮುಂದಿನ ಪದರಗಳಲ್ಲಿ ಹೆಚ್ಚು ಎಂಬ ಹಳೆಯ ನಿಯಮದ ಕಾರಣವೂ ಇದೇ ಜಾತಿಯದು.

ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಶಾಖ ಬಿಡುತ್ತದೆ, ಮುದ್ದೆಯೊಳಗಿನ ಶಾಖ ಹೊರಹೋಗದೆ ಬಟ್ಟೆಗೆ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ತುಂಬಿ ಅದರಲ್ಲಿ ಮುಳುಗಿಸಿಡಿ. ಟರ್ಪಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ.

ತಿಳಿಬೂದು

ಮೂಗಿನ ವಿಷಯಕ್ಕೆ ಯಾರೂ ಬಂದಿಲ್ಲವಾದ್ದರಿಂದ ನಾನು ಬರೆಯುತ್ತೇನೆ; ಈ ಚಿತ್ರದಲ್ಲಿ ಕಲಿಯಬೇಕಾದದ್ದೆಲ್ಲ ಆ ಮೂಗಿನ ಸುತ್ತಲೇ ಇದೆಯೆಂಬುದು ನನ್ನ ಅಭಿಪ್ರಾಯ.

ಒಂದು ರಟ್ಟಿನಲ್ಲಿ ಬಟಾಣಿಯಷ್ಟು ದೊಡ್ಡ ತೂತು ಮಾಡಿ, ಆ ರಟ್ಟನ್ನು ಮೂಲಚಿತ್ರದ ಬಿಂಬದ ಮೇಲೆ ಇಟ್ಟು ಮೂಗಿನ ಬಣ್ಣವನ್ನು ಮಾತ್ರ ನೋಡಿ. ಸುತ್ತಮುತ್ತಲಿನಿಂದ ಬಿಡಿಸಿ ನೋಡಿದಾಗ ಅದು ನೀವು ನೆನಪಿನಲ್ಲಿಟ್ಟುಕೊಂಡಷ್ಟು ಕೆಂಪಾಗಿರುವುದಿಲ್ಲ. ಅದನ್ನು ಕೆಂಪಾಗಿಸುತ್ತಿರುವುದು ಅಕ್ಕಪಕ್ಕದ ಬಣ್ಣಗಳು. ಹಿನ್ನೆಲೆಯ ತಣ್ಣನೆಯ ಬೂದು, ಕಣ್ಣಿನ ಕೆಳಗಿನ ನೀಲಿಮಿಶ್ರಿತ ಛಾಯೆ, ನಿಲುವಂಗಿಯ ಹಸಿರು ಇವೆಲ್ಲ ಸೇರಿ ಕಣ್ಣಿಗೆ ಕೆಂಪಿನ ಹಸಿವನ್ನು ಹುಟ್ಟಿಸುತ್ತವೆ. ಆ ನಿಲುವಂಗಿಯ ಪಟ್ಟಿಯೇ ಕೆಂಪುಛಾಯೆಯದಾಗಿರುವುದರಿಂದ, ಮುಖದ ಕೆಂಪು ಒಂಟಿಯಾಗದೆ ಕೆಳಗೆ ಇನ್ನೊಂದು ಕೆಂಪಿನೊಡನೆ ಮಾತಾಡುತ್ತದೆ. ನಿಮ್ಮ ಕ್ಯಾನ್ವಾಸಿನಲ್ಲಿ ಹಸಿರೂ ಬೂದೂ ಇನ್ನೂ ಬಂದಿಲ್ಲದಿದ್ದರೆ, ಅವು ಮಾಡಬೇಕಾದ ಕೆಲಸವನ್ನೆಲ್ಲ ಮೂಗಿನ ಮೇಲಿನ ಕ್ಯಾಡ್ಮಿಯಂ ರೆಡ್ ಒಂದೇ ಮಾಡಬೇಕಾಗುತ್ತದೆ, ಅದು ಬೇರೆಯಾಗಿ ನಿಂತುಬಿಡುತ್ತದೆ.

ಅಂದಹಾಗೆ, ಕ್ಯಾಡ್ಮಿಯಂ ರೆಡ್ ಕೂಡ ಈ ಚಿತ್ರದ ಕಾಲಕ್ಕೆ ಮಾರುಕಟ್ಟೆಯಲ್ಲಿರಲಿಲ್ಲ. ಅಂದಿನ ಬೆಚ್ಚನೆಯ ಕೆಂಪು ಎಂದರೆ ಸಾಮಾನ್ಯವಾಗಿ ಇಂಗಲೀಕ (ವರ್ಮಿಲಿಯನ್). ಕ್ಯಾಡ್ಮಿಯಂ ಅದಕ್ಕಿಂತ ಗಡುಸು. ಅದರ ಬದಲು ಇಂಡಿಯನ್ ರೆಡ್ ಅಥವಾ ಲೈಟ್ ರೆಡ್ ಎಂಬ ಮಣ್ಣಿನ ಕೆಂಪನ್ನು ತಂದು, ಮುಖದ ಎಲ್ಲ ಕೆಂಪುಗಳನ್ನೂ ಅದರಿಂದಲೇ ಆರಂಭಿಸಿ, ಕ್ಯಾಡ್ಮಿಯಮನ್ನು ಕೊನೆಯ ಒಂದೆರಡು ಸ್ಪರ್ಶಗಳಿಗೆ ಉಳಿಸಿಕೊಳ್ಳುವುದು ನನ್ನ ರೂಢಿ.

ಮುಖದ ಬಣ್ಣವನ್ನು ಮೂರು ಪಟ್ಟಿಗಳಾಗಿ ಯೋಚಿಸುವ ಪದ್ಧತಿಯೊಂದು ಸ್ಟುಡಿಯೋಗಳಲ್ಲಿದೆ: ಹಣೆ ಹಳದಿಯ ಕಡೆಗೆ, ಕೆನ್ನೆ ಮೂಗು ಕಿವಿಗಳು ಕೆಂಪಿನ ಕಡೆಗೆ, ಗಲ್ಲ ಮತ್ತು ಗಡ್ಡದ ಭಾಗ ಬೂದುಹಸಿರಿನ ಕಡೆಗೆ. ನಮ್ಮ ಕಂದು ಚರ್ಮದಲ್ಲಿ ಈ ಭೇದ ಇನ್ನೂ ಸೂಕ್ಷ್ಮವಾಗಿರುತ್ತದೆ, ಮುಸೋರ್ಗ್‌ಸ್ಕಿಯಲ್ಲಿ ಢಾಳಾಗಿದೆ. ಆದ್ದರಿಂದ ಬಣ್ಣದ ತಾಪ ಕಲಿಯಲು ಇದು ಒಳ್ಳೆಯ ಪಾಠ. ಆದರೆ ಇಲ್ಲಿ ಕಲಸಿದ ಚರ್ಮದ ಮಿಶ್ರಣಗಳನ್ನೇ ಹೊತ್ತುಕೊಂಡು ಹೋಗಿ ನಮ್ಮ ಮನೆಯವರ ಮುಖಕ್ಕೆ ಹಚ್ಚಿದರೆ ಎಲ್ಲರೂ ಜ್ವರ ಬಂದವರಾಗುತ್ತಾರೆ. ತೆಗೆದುಕೊಂಡು ಹೋಗಬೇಕಾದದ್ದು ಬಣ್ಣಗಳ ನಡುವಿನ ಸಂಬಂಧವನ್ನು ಮಾತ್ರ.

ಅಗಸೆಎಣ್ಣೆ

ಎಲ್ಲರಿಗೂ ಧನ್ಯವಾದ. ಹಣೆಯನ್ನು ಕೆರೆದು ತೆಗೆದು, ಇಡೀ ಕ್ಯಾನ್ವಾಸಿಗೆ ಅಂಬರ್ ನೆಲೆ ಕೊಟ್ಟು, ಹಿನ್ನೆಲೆಯಿಂದ ಆರಂಭಿಸಿದೆ. ಬೂದು ಬಂದ ಕೂಡಲೇ ಮೊದಲು ಕಪ್ಪಾಗಿ ತೋರುತ್ತಿದ್ದ ಅದೇ ಓಕರ್ ಮಿಶ್ರಣ ಚರ್ಮವಾಗಿ ಕಂಡಿತು. ಮೂಗಿನ ಸಣ್ಣ ಹಲಗೆಗಳನ್ನೂ ಬರೆಯುತ್ತಿದ್ದೇನೆ.

ಈಗ ಎರಡು ತೊಡಕುಗಳು ಉಳಿದಿವೆ. ಮೊದಲನೆಯದು, ಅಂತರಜಾಲದಲ್ಲಿ ಈ ಚಿತ್ರದ ಬಿಂಬಗಳು ಹಲವಾರು ಇದ್ದು, ಒಂದರಲ್ಲಿ ನಿಲುವಂಗಿ ಬೂದುಹಸಿರು, ಇನ್ನೊಂದರಲ್ಲಿ ಕಡುಹಸಿರು; ಹಿನ್ನೆಲೆ ಒಂದರಲ್ಲಿ ಹಳದಿಯ ಕಡೆಗೆ, ಇನ್ನೊಂದರಲ್ಲಿ ನೀಲಿಯ ಕಡೆಗೆ. ಯಾವುದನ್ನು ನಂಬಬೇಕು? ಎರಡನೆಯದು, ಕಣ್ಣುಗಳು. ಮೂಲದಲ್ಲಿ ನೋಡುಗರನ್ನು ತಪ್ಪಿಸಿ ಎಲ್ಲೋ ಪಕ್ಕಕ್ಕೆ ನೆಟ್ಟಿರುವ ಆ ದೃಷ್ಟಿ ನನ್ನಲ್ಲಿ ಬರೀ ಬೆಚ್ಚಿದ ನೋಟವಾಗಿದೆ.

ಇದ್ದಿಲು ಮತ್ತು ಬೂದಿ

ಬಿಂಬಗಳ ಈ ಗೊಂದಲವೇ ನನ್ನ ಮೂಲ ಆಕ್ಷೇಪವಾಗಿತ್ತು. ಆದರೂ ಕೆಲಸ ಹಿಡಿದಿದ್ದೀರಿ, ಆದ್ದರಿಂದ ದಾರಿಯೊಂದನ್ನು ಸೂಚಿಸುತ್ತೇನೆ. ಬಣ್ಣ ಬಿಂಬದಿಂದ ಬಿಂಬಕ್ಕೆ ಬದಲಾಗುತ್ತದೆ, ಛಾಯೆಗಳ ಏರಿಳಿತದ ಕ್ರಮ ಅಷ್ಟಾಗಿ ಬದಲಾಗುವುದಿಲ್ಲ. ಸಂಗ್ರಹಾಲಯವೇ ಪ್ರಕಟಿಸಿದ ಬಿಂಬ ಸಿಕ್ಕರೆ ಅದನ್ನು ಆಧಾರವಾಗಿಟ್ಟುಕೊಂಡು, ಕಪ್ಪು-ಬಿಳುಪಿಗೆ ಇಳಿಸಿ ದೊಡ್ಡದಾಗಿ ಮುದ್ರಿಸಿಕೊಳ್ಳಿ. ಛಾಯೆಯನ್ನು ಆ ಮುದ್ರಣದಿಂದ ತೆಗೆದುಕೊಳ್ಳಿ. ಬಣ್ಣಕ್ಕಾದರೆ ಒಂದೇ ಬಿಂಬವನ್ನು ಹಿಡಿದು ಕೊನೆಯವರೆಗೂ ಅದಕ್ಕೇ ನಿಷ್ಠರಾಗಿರಿ. ಒಂದರಿಂದ ಹಸಿರು, ಇನ್ನೊಂದರಿಂದ ಬೂದು ತೆಗೆದುಕೊಂಡರೆ ತಿಳಿಬೂದು ಅವರು ಹೇಳಿದ ಸಂಬಂಧವೇ ಮುರಿದುಬೀಳುತ್ತದೆ. ಪರದೆಯ ಬೆಳಕು ಮತ್ತು ಕೋಣೆಯ ಬೆಳಕು ಎರಡೂ ಹಗಲಿನಲ್ಲಿ ಒಂದು ರೀತಿ, ಸಂಜೆಯ ದೀಪದಲ್ಲಿ ಇನ್ನೊಂದು ರೀತಿ ಇರುವುದರಿಂದ ದಿನದ ಒಂದೇ ಹೊತ್ತಿನಲ್ಲಿ ಬಣ್ಣ ಕಲಸುವುದು ಒಳ್ಳೆಯದು.

ಇನ್ನೂ ಧೈರ್ಯವಿದ್ದರೆ ವ್ಯಾನ್ ಗಾಗ್ ಮಾಡಿದ್ದನ್ನು ಮಾಡಬಹುದು. ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಅವನು ಫ್ರೆಂಚ್ ಚಿತ್ರಕಾರ ಮಿಲೆಯ ಕೃತಿಗಳನ್ನು ಕಪ್ಪು-ಬಿಳುಪಿನ ಮುದ್ರಣಗಳಿಂದ ಪ್ರತಿ ಮಾಡುತ್ತ ಬಣ್ಣವನ್ನು ತಾನೇ ಕಲ್ಪಿಸಿದ. ನೀವು ಛಾಯೆಯನ್ನು ರೇಪಿನ್‌ನಿಂದ ಪಡೆದು, ಅದೇ ಬೆಳಕಿನ ದಿಕ್ಕಿನಲ್ಲಿ ಕನ್ನಡಿಯ ಮುಂದೆ ಕುಳಿತು ಚರ್ಮದ ಬಣ್ಣವನ್ನು ನಿಮ್ಮ ಮುಖದಿಂದ ಪಡೆಯಿರಿ. ಪ್ರತಿಯಿಂದ ಜೀವಂತ ಮಾದರಿಗೆ ದಾಟಲು ನನಗೆ ತಿಳಿದ ಅತ್ಯಂತ ಹತ್ತಿರದ ದಾರಿ ಅದು.

ಹಳೆಯ ಪ್ಯಾಲೆಟ್

ಕನ್ನಡಿಯ ಸಲಹೆ ನನಗೂ ಒಪ್ಪಿಗೆ.

ಕಣ್ಣಿನ ಬಗ್ಗೆ: ಬೆಚ್ಚಿದ ನೋಟ ಬರುವುದಕ್ಕೆ ಸಾಮಾನ್ಯವಾಗಿ ಕಣ್ಣಿನ ಬಿಳಿಯೇ ಕಾರಣ. ಅದನ್ನು ಬಿಳಿ ಎಂದು ಕರೆಯುವ ರೂಢಿಯಿದ್ದರೂ ಅದು ಗುಂಡಗಿನ, ಒದ್ದೆಯಾದ, ಮೇಲಿನ ರೆಪ್ಪೆಯ ನೆರಳಿನಲ್ಲಿರುವ ವಸ್ತು. ಹಣೆಯ ಬೆಳಕಿಗಿಂತ ಬಹುತೇಕ ಯಾವಾಗಲೂ ಗಾಢ. ರಟ್ಟಿನ ತೂತಿನಿಂದ ಹಣೆಯನ್ನೂ ಕಣ್ಣಿನ ಬಿಳಿಯನ್ನೂ ಒಂದಾದ ಮೇಲೊಂದು ನೋಡಿ. ಎರಡನೆಯ ಕಾರಣ, ಪಾಪೆಯ ಸುತ್ತಿನ ವೃತ್ತವನ್ನು ಪೂರ್ತಿಯಾಗಿ, ಒಂದೇ ಗಡುಸಿನಲ್ಲಿ ಬರೆಯುವುದು. ಮೇಲಿನ ರೆಪ್ಪೆ ಅದರ ತಲೆಯನ್ನು ಮುಚ್ಚಿರುತ್ತದೆ. ಉಳಿದ ಅಂಚಿನಲ್ಲಿಯೂ ಒಂದು ಬದಿ ಮೆತ್ತಗೆ ಬಿಳಿಯೊಳಗೆ ಕರಗಿರುತ್ತದೆ. ಕೆಳಗಿನ ರೆಪ್ಪೆಗೆ ದಪ್ಪವಿದೆ, ಆ ದಪ್ಪದ ಮೇಲೆ ತೆಳುವಾದ ತೇವದ ಬೆಳಕಿದೆ. ಈ ಮನುಷ್ಯನ ಕಾಯಿಲೆಯನ್ನು ಹೇಳುವುದು ಮೂಗಿನಷ್ಟೇ ಆ ತೇವವೂ ಹೌದು. ಹೊಳಪಿನ ಚುಕ್ಕೆಯನ್ನು ಎಲ್ಲಕ್ಕಿಂತ ಕೊನೆಗೆ, ಒಂದೇ ಸ್ಪರ್ಶದಲ್ಲಿ ಇಡಿ. ನೋಟದ ದಿಕ್ಕು ಸರಿಯಿದೆಯೇ ಎಂದು ತಿಳಿಯಲು ಮೂಲ ಮತ್ತು ಪ್ರತಿ ಎರಡನ್ನೂ ಕನ್ನಡಿಯಲ್ಲಿ ಒಟ್ಟಿಗೆ ನೋಡಿ, ಅಥವಾ ಎರಡನ್ನೂ ತಲೆಕೆಳಗಾಗಿಸಿ ನೋಡಿ.

ಕೂದಲಿನ ಅಂಚಿಗೂ ಇದೇ ಮಾತು ಅನ್ವಯಿಸುತ್ತದೆ. ತಿಳಿ ಹಿನ್ನೆಲೆಯ ಮುಂದೆ ಕೆದರಿದ ಕೂದಲನ್ನು ಎಳೆ ಎಳೆಯಾಗಿ ಬರೆಯಲು ಹೊರಟರೆ ಗಡುಸಾಗುವುದು ಖಂಡಿತ. ಹಿನ್ನೆಲೆಯ ಬೂದನ್ನು ಅಂಚಿನ ಬಳಿ ಮತ್ತೊಮ್ಮೆ ಹಸಿಯಾಗಿ ಹಚ್ಚಿ, ಕೂದಲಿನ ಕಡುಬಣ್ಣವನ್ನು ಅದರೊಳಕ್ಕೆ ಅಗಲವಾದ ಕುಂಚದಿಂದ ಎಳೆದು, ಒಂದೆರಡು ಕಡೆ ಮಾತ್ರ ಹಿನ್ನೆಲೆಯ ಬಣ್ಣದಿಂದ ಕೂದಲನ್ನು ಹಿಂದಕ್ಕೆ ಕಡಿಯಿರಿ.

ಕ್ರಾಮ್‌ಸ್ಕೊಯ್ ಈ ಚಿತ್ರವನ್ನು ಮೊದಲ ಸಲ ಕಂಡಾಗ ಕುರ್ಚಿಯೊಂದನ್ನು ಎಳೆದುಕೊಂಡು ಮುಖಕ್ಕೆ ಮುಖ ಕೊಟ್ಟು ಕುಳಿತವನು ಬಹಳ ಹೊತ್ತು ಏಳಲಿಲ್ಲವೆಂದು ಸ್ತಾಸೋವ್ ಬರೆದಿದ್ದಾನೆ. ಕುಂಚ ಎತ್ತುವ ಮುನ್ನ ನಾವೂ ಅಷ್ಟು ಹೊತ್ತು ನೋಡುವುದಿಲ್ಲ, ನಮ್ಮ ಬಹುಪಾಲು ತೊಂದರೆಗಳು ಅಲ್ಲಿಂದಲೇ ಆರಂಭವಾಗುತ್ತವೆ.

ಸೇನ್ ತೀರದಿಂದ

ಪ್ಯಾರಿಸ್ಸಿನಲ್ಲಿ ನೆಲೆಸಿರುವ ಕನ್ನಡಿಗನಾಗಿ ಇಲ್ಲಿನ ಪದ್ಧತಿಯೊಂದನ್ನು ತಿಳಿಸಬಹುದೆಂದುಕೊಂಡೆ. ಲೂವ್ರ್ ಸಂಗ್ರಹಾಲಯ 1793ರಲ್ಲಿ ಬಾಗಿಲು ತೆರೆದಾಗಿನಿಂದ ಪ್ರತಿಕಾರರಿಗೆ ಅಲ್ಲಿ ಅವಕಾಶವಿದೆ, ಇಂದಿಗೂ ಅನುಮತಿ ಪಡೆದವರು ಮೂಲದ ಮುಂದೆಯೇ ಈಸೆಲ್ ಹಾಕಿಕೊಂಡು ಬರೆಯುತ್ತಾರೆ. ಎರಡು ಷರತ್ತುಗಳು ಗಮನಾರ್ಹ: ಪ್ರತಿಯ ಅಳತೆ ಮೂಲಕ್ಕಿಂತ ಐದನೆಯ ಒಂದು ಭಾಗದಷ್ಟಾದರೂ ದೊಡ್ಡದೋ ಚಿಕ್ಕದೋ ಆಗಿರಬೇಕು, ಮೂಲ ಕಲಾವಿದನ ಸಹಿಯನ್ನು ನಕಲು ಮಾಡಕೂಡದು. ನಿಮ್ಮ 24 × 20 ಅಂಗುಲದ ಕ್ಯಾನ್ವಾಸು ಮೂಲಕ್ಕಿಂತ ಚಿಕ್ಕದಾದರೂ ಲೂವ್ರ್‌ನ ಲೆಕ್ಕಕ್ಕೆ ಸಾಲುವುದಿಲ್ಲ. ಮನೆಯಲ್ಲಿ ಕಲಿಯುವವರಿಗೆ ಅದು ಅಡ್ಡಿಯಲ್ಲ, ಸಹಿಯ ನಿಯಮವನ್ನಂತೂ ಪಾಲಿಸಿ.

ಕಡಲಬದಿಯ ಕುಂಚ

ಇದೇ ಸಂದರ್ಭದಲ್ಲಿ ನನ್ನದೊಂದು ಪ್ರಶ್ನೆ. ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದ ಹೆಣ್ಣಿನ ಆ ಪ್ರಸಿದ್ಧ ಚಿತ್ರವನ್ನು ತೈಲದಲ್ಲಿ ಪ್ರತಿ ಮಾಡಿ ಮಾರುವವರನ್ನು ನೋಡಿದ್ದೇನೆ. ನಾನೂ ಕಲಿಕೆಗೆಂದು ಅದನ್ನು ಹಿಡಿಯಬಹುದೇ?

ತಿಳಿಬೂದು

ಹಿಡಿಯಬಹುದು, ಆದರೆ ತೈಲ ಕಲಿಯುವುದಕ್ಕೆ ಅದರಿಂದ ಪ್ರಯೋಜನ ಕಡಿಮೆ. ಎಸ್. ಎಲ್. ಹಲ್ದಣಕರ್ ಅವರ ಆ ಚಿತ್ರ ಜಲವರ್ಣದ್ದು. ಅಲ್ಲಿ ದೀಪದ ಬೆಳಕು ಕಾಗದದ ಬಿಳಿಯಿಂದ, ಉಳಿಸಿಕೊಂಡ ಜಾಗದಿಂದ ಹೊಮ್ಮುತ್ತದೆ. ತೈಲದಲ್ಲಿ ಬೆಳಕನ್ನು ಕೊನೆಗೆ ದಪ್ಪ ಬಣ್ಣವಾಗಿ ಮೇಲೆ ಇಡುತ್ತೇವೆ. ಎರಡರ ಕ್ರಮವೇ ತಲೆಕೆಳಗು. ಬೆಳಕು ಬೆರಳುಗಳ ನಡುವೆ ಸೋಸಿ ಬರುವ ಬಗೆಯನ್ನು ಅಭ್ಯಾಸ ಮಾಡಬೇಕೆಂದಿದ್ದರೆ ಅದನ್ನು ಜಲವರ್ಣದಲ್ಲಿಯೇ ಮಾಡಿ.

ಮಾರಾಟದ ವಿಷಯ ಬೇರೆ. ಭಾರತದ ಕಾನೂನಿನಲ್ಲಿ ಕಲಾವಿದರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳವರೆಗೆ ಕೃತಿಸ್ವಾಮ್ಯ ಇರುತ್ತದೆ. ಹಲ್ದಣಕರ್ ತೀರಿಕೊಂಡದ್ದು 1968ರಲ್ಲಿ, ಆ ಲೆಕ್ಕದಲ್ಲಿ ಅವಧಿ 2028ರ ಕೊನೆಯವರೆಗೆ ಹೋಗುತ್ತದೆ. ರೇಪಿನ್ 1930ರಲ್ಲಿ, ರವಿವರ್ಮ 1906ರಲ್ಲಿ ತೀರಿಕೊಂಡವರಾದ್ದರಿಂದ ಅವರ ವಿಷಯದಲ್ಲಿ ಈ ತೊಡಕಿಲ್ಲ.

ಅಗಸೆಎಣ್ಣೆ

ಕಣ್ಣಿನ ಬಿಳಿಯನ್ನು ಗಾಢಗೊಳಿಸಿದ ಮೇಲೆ ಬೆಚ್ಚಿದ ನೋಟ ಹೋಯಿತು. ನಿಲುವಂಗಿಯ ಹಸಿರು ಮತ್ತು ಕೆಂಪು ಪಟ್ಟಿ ಬಂದ ಬಳಿಕ ಮೂಗಿನ ಕೆಂಪನ್ನು ಕಡಿಮೆ ಮಾಡಬೇಕಾಗಿ ಬಂತು, ಹೆಚ್ಚಿಸಬೇಕಾಗಲಿಲ್ಲ. ಗಡ್ಡದ ಕೆಳಭಾಗ ಒಣಗಿದ ಮೇಲೆ ಹೊಳಪು ಕಳೆದುಕೊಂಡು ಮಂಕಾಗಿದೆ. ಉಳಿದ ಕಡೆ ಹೊಳಪಿದೆ. ಇದಕ್ಕೆ ಈಗಲೇ ವಾರ್ನಿಷ್ ಹಚ್ಚಬಹುದೇ?

ಹಳೆಯ ಪ್ಯಾಲೆಟ್

ಈಗ ಬೇಡ. ಕೆಳಗಿನ ಪದರ ಎಣ್ಣೆಯನ್ನು ಹೀರಿಕೊಂಡದ್ದರಿಂದ ಕಡುಬಣ್ಣಗಳು ಹಾಗೆ ಮಂಕಾಗುತ್ತವೆ, ಅಂಬರ್ ಇರುವಲ್ಲಿ ವಿಶೇಷವಾಗಿ. ಮಂಕಾದ ಜಾಗಕ್ಕೆ ಅಗಸೆ ಎಣ್ಣೆ ಮತ್ತು ಟರ್ಪಂಟೈನನ್ನು ಸಮನಾಗಿ ಬೆರೆಸಿ ಬಹಳ ತೆಳುವಾಗಿ ಸವರಿ, ಐದು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ ತೆಗೆಯಿರಿ. ಮೂಲ ಛಾಯೆ ಮರಳಿ ಕಾಣುತ್ತದೆ. ಅದನ್ನು ನೋಡದೆ ಗಡ್ಡವನ್ನು ತಿದ್ದಲು ಹೋದರೆ ಮಂಕು ಬಣ್ಣಕ್ಕೆ ಹೊಂದುವಂತೆ ಕಲಸಿ ಇನ್ನಷ್ಟು ದಾರಿ ತಪ್ಪುತ್ತೀರಿ. ಅಂತಿಮ ವಾರ್ನಿಷ್‌ಗೆ ಕನಿಷ್ಠ ಆರು ತಿಂಗಳು ಕಾಯಬೇಕು, ಬೆಳಕಿನ ಬದಿಯಲ್ಲಿ ಬಣ್ಣ ದಪ್ಪವಾಗಿದ್ದರೆ ಒಂದು ವರ್ಷ. ಅಷ್ಟರವರೆಗೆ ಗೋಡೆಗೆ ತಾಗದಂತೆ, ಹಿಂದೆ ಗಾಳಿಯಾಡುವಂತೆ ತೂಗುಹಾಕಿ. ಹಿಂಬದಿಯಲ್ಲಿ ರೇಪಿನ್‌ನ ಕೃತಿಯ ಪ್ರತಿಯೆಂದು, ಮೂಲದ ಅಳತೆ ಮತ್ತು ವರ್ಷದೊಡನೆ ಬರೆದು, ಅದರ ಕೆಳಗೆ ನಿಮ್ಮ ಹೆಸರು ಹಾಕಿ.